ಲಾ ಓದಿದವರು ಲಾ ಸ್ಕೂಲಿನ ಪ್ರವೇಶ ವಿಭಾಗದ ಕೆಲಸವನ್ನು ಏಕೆ ಆರಿಸಿಕೊಳ್ಳುತ್ತಾರೆ?

ಪ್ರಶ್ನೆ: ಶಾರದಾ_ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಶಿವಮೊಗ್ಗದ ಕಡೆಯವರು, ಬಹುಕಾಲದಿಂದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ನನ್ನ ತಂಗಿಯ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು. ಪದವಿಯ ನಂತರ ಮೂರು ವರ್ಷದ ಜೆ.ಡಿ. ಎಂಬ ಕಾನೂನು ಪದವಿ ಓದಿ, ವಕೀಲಿಕೆಗೆ ಬೇಕಾದ ಬಾರ್ ಪರೀಕ್ಷೆ ಪಾಸು ಮಾಡಿ, ಷಿಕಾಗೋದ ದೊಡ್ಡ ಕಾನೂನು ಸಂಸ್ಥೆಯೊಂದರಲ್ಲಿ ಅಸೋಸಿಯೇಟ್ ಆಗಿದ್ದಾಳೆ. ಈಗ ಅದನ್ನು ಬಿಟ್ಟು ಒಂದು ಲಾ ಸ್ಕೂಲಿನ ಪ್ರವೇಶ ವಿಭಾಗದಲ್ಲಿ ಸಹಾಯಕ ನಿರ್ದೇಶಕಿಯಾಗಿ ಸೇರುವುದಾಗಿ ಹೇಳುತ್ತಿದ್ದಾಳೆ. ಸಂಬಳ ಈಗಿನದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಇಷ್ಟು ಸಾಲ ಮಾಡಿ ಲಾ ಓದಿದ್ದು ಬೇರೆಯವರ ಅರ್ಜಿ ಓದುವುದಕ್ಕೇ ಎಂದು ಅವಳ ತಾಯಿ ಕೇಳಿದರೆ, ನಿಮಗೆ ಹೇಳಿದರೂ ಅರ್ಥವಾಗುವುದಿಲ್ಲ ಎಂದು ಫೋನ್ ಇಟ್ಟುಬಿಡುತ್ತಾಳೆ.

ಅವಳ ಮನಸ್ಸನ್ನು ತಿರುಗಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ವಕೀಲಿಕೆಯ ಅರ್ಹತೆ ಇದ್ದವರು ಈ ಕೆಲಸವನ್ನು ಅನಿವಾರ್ಯದಿಂದಲ್ಲದೆ ಇಷ್ಟಪಟ್ಟೇ ಆರಿಸಿಕೊಳ್ಳುತ್ತಾರೆಯೇ, ಹಾಗಿದ್ದರೆ ಅದರಲ್ಲಿ ಅವರನ್ನು ಹಿಡಿದಿಡುವುದು ಏನು ಎಂಬುದನ್ನು ಒಳಗಿನಿಂದ ಬಲ್ಲವರು ತಿಳಿಸಿದರೆ, ನನ್ನ ತಂಗಿಗೆ ನಾಲ್ಕು ಮಾತು ವಿವರಿಸಿ ಹೇಳಲು ನನಗೆ ಅನುಕೂಲವಾಗುತ್ತದೆ.

ಉತ್ತರ: ಕಡತಪ್ರಿಯ

ಶಾರದಾ ಅವರೇ, ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಲಾ ಸ್ಕೂಲಿನಲ್ಲಿ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ನಾನೂ ಮೊದಲು ವಕೀಲನಾಗಿದ್ದವನೇ, ನಮ್ಮ ವಿಭಾಗದಲ್ಲಿ ಜೆ.ಡಿ. ಇಲ್ಲದವರಿಗಿಂತ ಇರುವವರೇ ಹೆಚ್ಚು. ಆದ್ದರಿಂದ ನಿಮ್ಮ ಮಗಳ ನಿರ್ಧಾರ ಇಲ್ಲಿಯವರ ಕಣ್ಣಿಗೆ ವಿಚಿತ್ರವಾಗಿ ಕಾಣುವುದಿಲ್ಲ.

ಮೊದಲು ಕೆಲಸ ಏನೆಂದು ಹೇಳುತ್ತೇನೆ, ಕಾರಣಗಳು ಅದರೊಳಗೇ ಇವೆ. ಅಮೆರಿಕದಲ್ಲಿ ವಕೀಲರ ಸಂಘವಾದ ಬಾರ್ ಅಸೋಸಿಯೇಷನ್ನಿನ ಮಾನ್ಯತೆ ಪಡೆದ ಸುಮಾರು 200 ಲಾ ಸ್ಕೂಲುಗಳಿವೆ. ಪ್ರತಿಯೊಂದೂ ತನ್ನ ವಿದ್ಯಾರ್ಥಿಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಎಲ್‌ಸ್ಯಾಟ್ ಎಂಬ ಲಾ ಸ್ಕೂಲು ಪ್ರವೇಶ ಪರೀಕ್ಷೆ 1948ರಿಂದ ನಡೆಯುತ್ತಿದೆ, ಅದರ ಅಂಕ 120ರಿಂದ 180ರವರೆಗೆ ಇರುತ್ತದೆ. ಆದರೆ ಆ ಅಂಕ ಬಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಅಂಕಪಟ್ಟಿಗಳು, ಶಿಫಾರಸು ಪತ್ರಗಳು, ತನ್ನ ಬಗ್ಗೆ ಬರೆದ ಎರಡು ಪುಟದ ಪ್ರಬಂಧ, ಹಿಂದೆ ಏನಾದರೂ ಪೊಲೀಸ್ ಪ್ರಕರಣ ಅಥವಾ ಕಾಲೇಜಿನ ಶಿಸ್ತುಕ್ರಮ ಇದ್ದಲ್ಲಿ ಅದರ ವಿವರಣೆ, ಇವೆಲ್ಲ ಸೇರಿ ಒಂದು ಕಡತವಾಗುತ್ತದೆ. ಅದನ್ನು ಒಬ್ಬ ಮನುಷ್ಯ ಕುಳಿತು ಓದಲೇಬೇಕು.

ಒಂದು ಕಡತ ಹೇಗಿರುತ್ತದೆ ಎಂದು ತೋರಿಸಲು, ಗುರುತು ಸಿಗದಂತೆ ಹಲವು ಕಡತಗಳನ್ನು ಬೆರೆಸಿ ಹೇಳುತ್ತೇನೆ. ಅಂಕಪಟ್ಟಿಯಲ್ಲಿ ಮೊದಲ ಮೂರು ಸೆಮಿಸ್ಟರ್ ಚೆನ್ನಾಗಿವೆ, ನಾಲ್ಕನೆಯದರಲ್ಲಿ ಎರಡು ವಿಷಯ ಫೇಲು, ಒಂದನ್ನು ಮಧ್ಯದಲ್ಲೇ ಕೈಬಿಡಲಾಗಿದೆ, ಆಮೇಲೆ ಮತ್ತೆ ಏರಿಕೆ. ಅರ್ಜಿದಾರಳು ಇದರ ಬಗ್ಗೆ ಎಲ್ಲಿಯೂ ಒಂದಕ್ಷರ ಬರೆದಿಲ್ಲ. ಅವಳ ಪ್ರಬಂಧ ಬಾಡಿಗೆದಾರರನ್ನು ಹೊರಹಾಕುವ ಪ್ರಕರಣಗಳಲ್ಲಿ ತಾನು ದುಭಾಷಿಯಾಗಿ ಕೆಲಸ ಮಾಡಿದ್ದರ ಕುರಿತಾಗಿದೆ. ಶಿಫಾರಸು ಪತ್ರಗಳಲ್ಲಿ ಒಂದು ಪ್ರಾಧ್ಯಾಪಕರದ್ದಲ್ಲ, ಅವಳು ಕೆಲಸ ಮಾಡುತ್ತಿದ್ದ ಗೋದಾಮಿನ ಮೇಲ್ವಿಚಾರಕರದ್ದು. ಆ ಪತ್ರದ ಮೂರನೇ ಪ್ಯಾರಾದಲ್ಲಿ, ತಂದೆ ಆಸ್ಪತ್ರೆಯಲ್ಲಿದ್ದ ಚಳಿಗಾಲದಲ್ಲಿ ಇವಳು ರಾತ್ರಿ ಪಾಳಿಯನ್ನು ತಾನಾಗಿಯೇ ಕೇಳಿ ಪಡೆದಳು ಎಂಬ ಒಂದು ವಾಕ್ಯವಿದೆ. ಚಳಿಗಾಲದ ಆ ತಿಂಗಳುಗಳನ್ನೂ ನಾಲ್ಕನೇ ಸೆಮಿಸ್ಟರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಟ್ಟು ಕಡತದ ಅರ್ಥವೇ ಬದಲಾಗುತ್ತದೆ. ಇದನ್ನು ಗಮನಿಸಿ, ಸಮಿತಿಯ ಮುಂದಿಟ್ಟು, ಈಕೆಯ ಸರಾಸರಿ ಕಡಿಮೆಯಿದ್ದರೂ ಈಕೆಗೆ ಏಕೆ ಸೀಟು ಕೊಡಬೇಕು ಎಂದು ವಾದಿಸುವುದು ನಮ್ಮ ಕೆಲಸ. ಸಾಕ್ಷ್ಯವನ್ನು ಓದಿ, ಎಲ್ಲೆಲ್ಲೋ ಬಿದ್ದಿರುವ ಸಂಗತಿಗಳನ್ನು ಜೋಡಿಸಿ, ಒಬ್ಬರ ಪರವಾಗಿ ಮಾತನಾಡುವುದಕ್ಕೇ ಅಲ್ಲವೇ ಲಾ ಸ್ಕೂಲಿನಲ್ಲಿ ನಮಗೆ ತರಬೇತಿ ಕೊಟ್ಟದ್ದು? ದೊಡ್ಡ ಸಂಸ್ಥೆಯಲ್ಲಿ ಒಪ್ಪಂದಗಳ ಕರಡನ್ನು ಮಧ್ಯರಾತ್ರಿಯವರೆಗೆ ತಿದ್ದುವ ಕಿರಿಯ ವಕೀಲರಿಗೆ ಆ ಅವಕಾಶ ವರ್ಷಗಟ್ಟಲೆ ಸಿಗುವುದಿಲ್ಲ.

ಇನ್ನು ಸಾಲದ ವಿಷಯ. ನಿಮ್ಮ ತಂಗಿಯವರಿಗೆ ಇದನ್ನು ಮುಖ್ಯವಾಗಿ ಹೇಳಿ. 2007ರ ಒಂದು ಕಾಯಿದೆಯ ಪ್ರಕಾರ, ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾ, ಅರ್ಹ ಮರುಪಾವತಿ ಯೋಜನೆಯಡಿ 120 ಮಾಸಿಕ ಕಂತುಗಳನ್ನು ಕಟ್ಟಿದವರಿಗೆ ಫೆಡರಲ್ ಶಿಕ್ಷಣ ಸಾಲದ ಉಳಿದ ಮೊತ್ತ ಮನ್ನಾ ಆಗುತ್ತದೆ. ಲಾ ಸ್ಕೂಲುಗಳಲ್ಲಿ ಬಹುಪಾಲು ಸರ್ಕಾರಿ ಇಲ್ಲವೇ ಲಾಭರಹಿತ ವಿಶ್ವವಿದ್ಯಾಲಯಗಳಿಗೆ ಸೇರಿದವು. ಅಲ್ಲಿನ ಪ್ರವೇಶ ವಿಭಾಗದ ನೌಕರರಿಗೂ ಈ ಸೌಲಭ್ಯ ಅನ್ವಯಿಸುತ್ತದೆ. ಖಾಸಗಿ ಸಂಸ್ಥೆಯಲ್ಲಿ ಕಳೆದ ತಿಂಗಳುಗಳು ಈ 120ರ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಮೊದಲ ವರ್ಷದ ವಕೀಲರ ಸಂಬಳ 2,25,000 ಡಾಲರ್ ಇರುವಾಗ ಇದು ಸಮವಾದ ವಿನಿಮಯವಲ್ಲ, ನಿಜ. ಆದರೆ ಆ ಸಂಬಳದಲ್ಲಿ ಕೊನೆಯವರೆಗೂ ಉಳಿಯುವವರು ಬಹಳ ಕಡಿಮೆ, ಸಾಲ ಮಾತ್ರ ಎಲ್ಲರಿಗೂ ಉಳಿಯುತ್ತದೆ.

ಉತ್ತರ: ಹೊರಬಂದವಳು

ಮೇಲಿನವರು ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಅದು ಕಡತ ಓದುವ ನವೆಂಬರ್ ತಿಂಗಳ ಚಿತ್ರ ಮಾತ್ರ. ನಾನು ಇದೇ ಕೆಲಸದಲ್ಲಿದ್ದು ಹೊರಬಂದವಳಾದ್ದರಿಂದ ಸೀಟು ತುಂಬಿಸುವ ಏಪ್ರಿಲ್ ಚಿತ್ರವನ್ನೂ ಇಲ್ಲಿ ಇಡುತ್ತೇನೆ.

ಮಾನ್ಯತೆ ಪಡೆದ ಪ್ರತಿಯೊಂದು ಲಾ ಸ್ಕೂಲೂ ಹೊಸ ತರಗತಿಯ ಎಲ್‌ಸ್ಯಾಟ್ ಮತ್ತು ಜಿಪಿಎ (ಪದವಿಯ ಸರಾಸರಿ ಅಂಕ) ಮೀಡಿಯನ್ನುಗಳನ್ನು, ಅಂದರೆ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಅಂಕಗಳನ್ನು, ಪ್ರತಿ ಡಿಸೆಂಬರಿನಲ್ಲಿ ಬಹಿರಂಗಪಡಿಸಬೇಕು. ರ್‍ಯಾಂಕಿಂಗ್ ಪಟ್ಟಿಗಳು ಈ ಅಂಕಿಗಳನ್ನು ಬಳಸುತ್ತವೆ. ಡೀನ್ ಅವರ ಕಣ್ಣು ಅದರ ಮೇಲೆ, ಡೀನ್ ಅವರ ಮೇಲೆ ವಿಶ್ವವಿದ್ಯಾಲಯದ ಕಣ್ಣು. ಹೀಗಾಗಿ ಗೋದಾಮಿನ ಹುಡುಗಿಯ ಪರ ವಾದ ಮಾಡಿದ ಅದೇ ಅಧಿಕಾರಿ, ಬೇರೆ ಸ್ಕೂಲಿನವರು ಇನ್ನೂ ಹತ್ತು ಸಾವಿರ ಡಾಲರ್ ಹೆಚ್ಚು ಕೊಡುತ್ತಾರೆ ಎಂದು ಇಮೇಲ್ ಕಳುಹಿಸುವ 172 ಅಂಕದ ಅರ್ಜಿದಾರನ ಜೊತೆ ವಿದ್ಯಾರ್ಥಿವೇತನದ ಚೌಕಾಸಿಗೂ ಕೂರಬೇಕಾಗುತ್ತದೆ. ನನ್ನ ಅನುಭವದಲ್ಲಿ ವಸಂತದ ತಿಂಗಳುಗಳಲ್ಲಿ ಈ ಕೆಲಸ ನೇರವಾದ ಮಾರಾಟ. ಎಷ್ಟು ಸೀಟುಗಳಿಗೆ ಠೇವಣಿ ಬಂತು ಎಂಬುದನ್ನು ಪ್ರತಿ ವಾರ ವರದಿ ಮಾಡುತ್ತಿದ್ದೆವು. ಠೇವಣಿ ಕಟ್ಟಿದವರಲ್ಲಿಯೂ ಕೆಲವರು ಬೇರೆ ಸ್ಕೂಲಿನ ವೇಟ್‌ಲಿಸ್ಟಿನಿಂದ ಕರೆ ಬಂದು ಬೇಸಿಗೆಯಲ್ಲಿ ಜಾರಿಹೋಗುತ್ತಿದ್ದರು, ಆಗ ನಮ್ಮ ವೇಟ್‌ಲಿಸ್ಟಿನವರಿಗೆ ನಾವು ಫೋನ್ ಮಾಡಬೇಕಾಗುತ್ತಿತ್ತು.

ಈ ಒತ್ತಡ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಇಲಿನಾಯ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಪ್ರಕರಣ ನೆನಪಿರಲಿ. ಅಲ್ಲಿ ಹಲವು ವರ್ಷಗಳ ಅಂಕಿಗಳನ್ನು ಉಬ್ಬಿಸಿ ವರದಿ ಮಾಡಲಾಗಿತ್ತೆಂಬುದು 2011ರಲ್ಲಿ ಬೆಳಕಿಗೆ ಬಂತು. ಪ್ರವೇಶ ವಿಭಾಗದ ಮುಖ್ಯಸ್ಥರು ಹುದ್ದೆ ಬಿಟ್ಟರು, ಮರುವರ್ಷ ಬಾರ್ ಅಸೋಸಿಯೇಷನ್ ಕಾಲೇಜಿಗೆ ಬಹಿರಂಗ ಛೀಮಾರಿಯ ಜೊತೆ 2,50,000 ಡಾಲರ್ ದಂಡ ವಿಧಿಸಿತು. 2022ರ ನವೆಂಬರಿನಲ್ಲಿ ಯೇಲ್, ಹಾರ್ವರ್ಡ್ ಮುಂತಾದವು ಯು.ಎಸ್. ನ್ಯೂಸ್ ರ್‍ಯಾಂಕಿಂಗಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿದ ಮೇಲೆ, ಆ ಪತ್ರಿಕೆ ಪ್ರವೇಶದ ಅಂಕಗಳಿಗಿದ್ದ ತೂಕವನ್ನು ತಗ್ಗಿಸಿ ಉದ್ಯೋಗಕ್ಕೂ ಬಾರ್ ಪರೀಕ್ಷೆಯ ಫಲಿತಾಂಶಕ್ಕೂ ಹೆಚ್ಚು ತೂಕ ಕೊಟ್ಟಿತು. ಆದರೂ ಮೀಡಿಯನ್ನಿನ ಮೋಹ ಹೋಯಿತೆಂದು ನನಗೆ ಅನ್ನಿಸುವುದಿಲ್ಲ. ಬಾರ್ ಪರೀಕ್ಷೆಯಲ್ಲಿ ಯಾರು ಪಾಸಾಗುತ್ತಾರೆ ಎಂದು ಊಹಿಸುವುದಕ್ಕೂ ಸ್ಕೂಲುಗಳು ಮತ್ತೆ ಅದೇ ಅಂಕಗಳನ್ನೇ ನೋಡುತ್ತವೆ.

ಹಾಗಿದ್ದೂ ಜನ ಈ ಕೆಲಸಕ್ಕೆ ಏಕೆ ಬರುತ್ತಾರೆ ಎಂದರೆ, ನನ್ನ ಉತ್ತರ ಸ್ವಲ್ಪ ಕಹಿ. ಅನೇಕರಿಗೆ ಲಾ ಸ್ಕೂಲ್ ಇಷ್ಟವಾಗಿರುತ್ತದೆ, ವಕೀಲಿಕೆ ಇಷ್ಟವಾಗುವುದಿಲ್ಲ. ತಾವು ಸುಖವಾಗಿದ್ದ ಕೊನೆಯ ಜಾಗಕ್ಕೆ ಅವರು ಮರಳುತ್ತಾರೆ. ಅದು ತಪ್ಪೇನಲ್ಲ, ಆದರೆ ಅಷ್ಟೇ ಕಾರಣವಾದರೆ ಮೊದಲ ಏಪ್ರಿಲ್ ದಾಟುವುದು ಕಷ್ಟ.

ಉತ್ತರ: ಬೆಂಗಳೂರು_ವಕೀಲ

ನಾನು ಇಲ್ಲಿ ಹೈಕೋರ್ಟಿನಲ್ಲಿ ವೃತ್ತಿ ಮಾಡುತ್ತಿದ್ದೇನೆ, ನ್ಯಾಷನಲ್ ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿ. ಶಾರದಾ ಅವರ ತಂಗಿಯವರಿಗೆ ಈ ಕೆಲಸ ಏಕೆ ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ನಮ್ಮ ಕಡೆಯ ಪದ್ಧತಿಯೇ ಕಾರಣವಿರಬಹುದು. 2008ರಿಂದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಕ್ಲ್ಯಾಟ್ ಎಂಬ ಸಾಮಾನ್ಯ ಪರೀಕ್ಷೆ ಇದೆ. ಅಂಕ, ಮೀಸಲಾತಿ ವರ್ಗ, ಆಯ್ಕೆಯ ಕ್ರಮ ಇವಿಷ್ಟೇ ಸೀಟನ್ನು ನಿರ್ಧರಿಸುತ್ತವೆ. ಯಾರೂ ಯಾರ ಪ್ರಬಂಧವನ್ನೂ ಓದುವುದಿಲ್ಲ. ಪ್ರವೇಶ ವಿಭಾಗವೆಂದರೆ ನಮ್ಮ ಮನಸ್ಸಿಗೆ ಬರುವುದು ದಾಖಲೆ ಪರಿಶೀಲಿಸಿ, ಶುಲ್ಕ ಕಟ್ಟಿಸಿಕೊಂಡು, ಸೀಲು ಒತ್ತುವ ಕೌಂಟರ್. ತೀರ್ಮಾನ ಮಾಡುವ ಅಧಿಕಾರವೇ ಅಲ್ಲಿಲ್ಲದ ಮೇಲೆ ಅದಕ್ಕಾಗಿ ವಕೀಲಿಕೆ ಬಿಡುವವರು ಎಲ್ಲಿಂದ ಬರಬೇಕು?

ಆದರೆ ನನಗೊಂದು ಅನುಮಾನವಿದೆ. ಒಬ್ಬ ಅಧಿಕಾರಿಗೆ ಗೋದಾಮಿನ ಪತ್ರ ಕಣ್ಣಿಗೆ ಬಿತ್ತು ಸರಿ, ಬೀಳದೇ ಹೋದ ಪತ್ರಗಳ ಗತಿಯೇನು? ಟೆಕ್ಸಸ್ ವಿಶ್ವವಿದ್ಯಾಲಯದ ಲಾ ಸ್ಕೂಲು ಹೆಮನ್ ಸ್ವೆಟ್ ಅವರನ್ನು ಕಪ್ಪು ಜನಾಂಗದವರೆಂಬ ಒಂದೇ ಕಾರಣಕ್ಕೆ ಹೊರಗಿಟ್ಟಿತ್ತು. ಅವರನ್ನು ಸೇರಿಸಿಕೊಳ್ಳಲು 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಅದು ರಾಜ್ಯದ ಕಾನೂನಿನ ತಪ್ಪು, ಅಧಿಕಾರಿಯ ವಿವೇಚನೆಯದ್ದಲ್ಲ ಎಂದು ಹೇಳಬಹುದು. ಆದರೂ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಒಬ್ಬರ ಓದಿಗೆ ಬಿಟ್ಟುಕೊಡುವ ವ್ಯವಸ್ಥೆಗಿಂತ, ಅನ್ಯಾಯ ಮಾಡಿದರೂ ಎಲ್ಲರಿಗೂ ಒಂದೇ ರೀತಿ ಮಾಡುವ ಪರೀಕ್ಷೆ ಮೇಲು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಕಡತಪ್ರಿಯ

ವಕೀಲರೇ, ನಿಮ್ಮ ಅನುಮಾನವನ್ನು ಈ ದೇಶದ ನ್ಯಾಯಾಲಯಗಳು ದಶಕಗಳಿಂದ ಕೆದಕುತ್ತಲೇ ಇವೆ, ಈ ಕೆಲಸದಲ್ಲಿ ವಕೀಲರು ಇಷ್ಟೊಂದು ಮಂದಿ ಇರುವುದಕ್ಕೆ ಅದೂ ಒಂದು ಕಾರಣ. 2003ರ ಗ್ರಟರ್ ಪ್ರಕರಣ ಮಿಷಿಗನ್ ವಿಶ್ವವಿದ್ಯಾಲಯದ ಲಾ ಸ್ಕೂಲಿನ ಪ್ರವೇಶ ವಿಧಾನದ ಮೇಲೆಯೇ ನಡೆದದ್ದು. ಪ್ರವೇಶ ನಿರ್ದೇಶಕರು ಸಾಕ್ಷಿಕಟ್ಟೆ ಹತ್ತಿ, ಕಡತಗಳನ್ನು ಹೇಗೆ ಓದುತ್ತೇವೆ, ಜನಾಂಗವಾರು ಲೆಕ್ಕವಿರುವ ದಿನದ ವರದಿಗಳಲ್ಲಿ ಏನನ್ನು ನೋಡುತ್ತೇವೆ ಎಂದು ವಿವರಿಸಬೇಕಾಯಿತು. ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದೆಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಒಪ್ಪಿತು. 2023ರ ಜೂನಿನಲ್ಲಿ ಹಾರ್ವರ್ಡ್ ಪ್ರಕರಣದ ತೀರ್ಪು ಆ ಬಾಗಿಲನ್ನು ಬಹುತೇಕ ಮುಚ್ಚಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅರ್ಜಿದಾರರು ತಾವೇ ಬರೆದರೆ ಅದನ್ನು ಓದುವುದಕ್ಕೆ ನಿಷೇಧವಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅಂಥ ಪ್ರಬಂಧದಲ್ಲಿ ಯಾವ ಗುಣಕ್ಕೆ ಬೆಲೆ ಕೊಡಬಹುದು, ಯಾವುದಕ್ಕೆ ಕೊಡಬಾರದು ಎಂಬ ಗೆರೆಯನ್ನು ಪ್ರತಿ ಕಡತದಲ್ಲೂ ಎಳೆಯಬೇಕಾಗಿದೆ. ಕೋರ್ಟಿನ ತೀರ್ಪೊಂದನ್ನು ಇಷ್ಟು ಹತ್ತಿರದಿಂದ, ಇಷ್ಟು ಸಲ ಅನ್ವಯಿಸುವ ಕೆಲಸ ನನಗೆ ವಕೀಲಿಕೆಯಲ್ಲಿ ಸಿಕ್ಕಿರಲಿಲ್ಲ.

ಕಣ್ಣಿಗೆ ಬೀಳದ ಪತ್ರಗಳ ಬಗ್ಗೆ ನೀವು ಕೇಳಿದ್ದು ನ್ಯಾಯವೇ. ಅದಕ್ಕಾಗಿ ನಮ್ಮಲ್ಲಿ ಒಂದು ಕಡತವನ್ನು ಇಬ್ಬರು ಓದುತ್ತೇವೆ, ಮೊದಲನೆಯವರ ಟಿಪ್ಪಣಿ ಎರಡನೆಯವರಿಗೆ ಕಾಣದಂತೆ. ಅದು ಪೂರ್ತಿ ಪರಿಹಾರವಲ್ಲ. ಬೇರೆ ದೇಶದಲ್ಲಿ ಪದವಿ ಪಡೆದವರ ಕಡತದಲ್ಲಂತೂ ಇನ್ನೂ ಎಚ್ಚರ ಬೇಕು: ಇಲ್ಲಿಯ ಅಂಕಪಟ್ಟಿಗಳನ್ನು ಒಂದೇ ಮಾಪಕಕ್ಕೆ ತಂದುಕೊಡುವ ಸಂಸ್ಥೆ ಅವರಿಗೆ ಜಿಪಿಎ ಲೆಕ್ಕ ಹಾಕುವುದಿಲ್ಲ, ಸ್ಥೂಲವಾದ ಮೌಲ್ಯಮಾಪನ ಮಾತ್ರ ಕೊಡುತ್ತದೆ. ಮೈಸೂರಿನ ಬಿ.ಎ.ಯಲ್ಲಿ ಬಂದ ಶೇಕಡಾ 68 ಎಂದರೆ ಸಾಧಾರಣವಲ್ಲ ಎಂದು ಹೇಳಬಲ್ಲವರೊಬ್ಬರು ಮೇಜಿನ ಸುತ್ತ ಇದ್ದಾರೆಯೇ ಇಲ್ಲವೇ ಎಂಬುದರಿಂದ ಫಲಿತಾಂಶವೇ ಬೇರೆಯಾಗಬಹುದು. ಶಾರದಾ ಅವರೇ, ನಿಮ್ಮ ಮಗಳಂಥವರು ಇಲ್ಲಿಗೆ ಬರಬೇಕೆಂದು ನಾನು ಬಯಸುವುದು ಇದಕ್ಕೇ.

‘ಹೊರಬಂದವಳು’ ಅವರ ಏಪ್ರಿಲ್ ಚಿತ್ರಕ್ಕೆ ನನ್ನ ತಕರಾರಿಲ್ಲ. 2010ರಲ್ಲಿ ದೇಶದಾದ್ಯಂತ ಮೊದಲ ವರ್ಷಕ್ಕೆ 52 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು, 2015ರ ಹೊತ್ತಿಗೆ ಆ ಸಂಖ್ಯೆ 37 ಸಾವಿರದ ಆಸುಪಾಸಿಗೆ ಕುಸಿದಿತ್ತು. ಆ ವರ್ಷಗಳಲ್ಲಿ ಸೀಟು ತುಂಬಿಸುವ ಹೊಣೆ ಹೊತ್ತವರ ಪಾಡು ಹೇಳತೀರದು. ಕೆಲವು ಸ್ಕೂಲುಗಳು ಆಮೇಲೆ ಮುಚ್ಚಿಯೇ ಹೋದವು. ಈಗ ಅರ್ಜಿಗಳು ಮತ್ತೆ ಏರಿವೆ. ಸೇರುವ ಮುನ್ನ ಆ ಸ್ಕೂಲಿನ ಕಳೆದ ಐದಾರು ವರ್ಷಗಳ ಬಹಿರಂಗ ಅಂಕಿಗಳನ್ನು ನೋಡಲು ಹೇಳಿ. ತರಗತಿಯ ಗಾತ್ರ ವರ್ಷದಿಂದ ವರ್ಷಕ್ಕೆ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಅಲ್ಲಿಯ ಏಪ್ರಿಲ್ ಕಠಿಣವಾಗಿರುತ್ತದೆ.

ಪ್ರಶ್ನೆ ಕೇಳಿದವರು: ಶಾರದಾ_ನ್ಯೂಜೆರ್ಸಿ

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ತಂಗಿಗೆ ಓದಿ ಹೇಳಿದೆ. ಸಾಲದ ಮಾತು ಕೇಳಿ ಅವಳು ಸ್ವಲ್ಪ ಸಮಾಧಾನಗೊಂಡಳು, ಮಾರಾಟದ ಮಾತು ಕೇಳಿ ಮತ್ತೆ ಮುಖ ಗಂಟಿಕ್ಕಿದಳು. ಅವಳ ಕೊನೆಯ ಪ್ರಶ್ನೆ ಒಂದೇ: ಎರಡು ಮೂರು ವರ್ಷದ ನಂತರ ಬೇಡವೆನಿಸಿದರೆ ಹುಡುಗಿ ಮತ್ತೆ ವಕೀಲಿಗೆ ಹೋಗಬಹುದೇ, ಅಥವಾ ಲೈಸೆನ್ಸೇ ಹೋಗಿಬಿಡುತ್ತದೆಯೇ?

ಉತ್ತರ: ಹೊರಬಂದವಳು

ಲೈಸೆನ್ಸ್ ಹೋಗುವುದಿಲ್ಲ. ಷಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಸಕ್ರಿಯ ವಕೀಲರಾಗಿಯೇ ಉಳಿಯಬೇಕೆಂದರೆ ಪ್ರತಿ ವರ್ಷ ನೋಂದಣಿ ಶುಲ್ಕ ಕಟ್ಟಿ, ಎರಡು ವರ್ಷಕ್ಕೊಮ್ಮೆ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಪೂರೈಸಬೇಕು. ಅದು ಬೇಡವೆಂದರೆ ಕಡಿಮೆ ಶುಲ್ಕದಲ್ಲಿ ನಿಷ್ಕ್ರಿಯ ಸ್ಥಾನಕ್ಕೆ ಬದಲಾಯಿಸಿಕೊಂಡು, ಮುಂದೆ ನಿಯಮಾನುಸಾರ ಮರಳಬಹುದು. ಕೆಲವು ವರ್ಷಗಳ ನಂತರ ಅಷ್ಟೇ ದೊಡ್ಡ ಸಂಸ್ಥೆಗೆ, ಅದೇ ಸಂಬಳಕ್ಕೆ ಹಿಂತಿರುಗುವುದು ಕಷ್ಟ. ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳ ಕಾನೂನು ವಿಭಾಗಗಳು, ಸಣ್ಣ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ನನ್ನನ್ನು ತೆಗೆದುಕೊಂಡದ್ದು ಒಂದು ನಗರಾಡಳಿತದ ಕಾನೂನು ವಿಭಾಗ. ಸಂದರ್ಶನದಲ್ಲಿ ಅವರು ಹೆಚ್ಚು ಹೊತ್ತು ಕೇಳಿದ್ದು ಪ್ರವೇಶ ವಿಭಾಗದ ಕೆಲಸದ ಬಗ್ಗೆಯೇ.