ಸಹಾಯ ಬೇಕು: ಬಾವಲಿಯ ಮೈಮೇಲೆ ಸಿಕ್ಕ ರೆಕ್ಕೆಯಿಲ್ಲದ ನೊಣ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಗಾಯಗೊಂಡಿದ್ದ ಪುಟ್ಟ ಬಾವಲಿಯೊಂದನ್ನು ದಪ್ಪ ಕೈಗವಸು ಹಾಕಿಕೊಂಡು ಪೆಟ್ಟಿಗೆಗೆ ಇಳಿಸುತ್ತಿದ್ದೆ. ಅದರ ಕತ್ತಿನ ತುಪ್ಪಳದೊಳಗಿಂದ ಕಂದು ಬಣ್ಣದ ಹುಳವೊಂದು ಸರ್ರನೆ ಹೊರಬಂತು. ಎಳ್ಳುಕಾಳಿನಷ್ಟು ಮೈ, ಉದ್ದುದ್ದ ಕಾಲು. ಜೇಡವೆಂದೇ ಅಂದುಕೊಂಡೆ, ಎಣಿಸಿದರೆ ಕಾಲು ಆರೇ! ಲೆನ್ಸ್ ಹಿಡಿದಾಗ ತಲೆಯೇ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು, ತಲೆಯನ್ನು ಬೆನ್ನಿನ ಮೇಲಕ್ಕೆ ಮಡಚಿಟ್ಟುಕೊಂಡಿತ್ತು.

ಹಾಗಾಗಿ ಇದು ನಿಕ್ಟೆರಿಬಿಯಿಡೇ ಕುಟುಂಬದ ನೊಣ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬಾವಲಿಯ ರಕ್ತವೇ ಇದರ ಆಹಾರ. ಹೆಣ್ಣು ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳವನ್ನು ಹೊಟ್ಟೆಯೊಳಗೇ ಹಾಲಿನಂಥ ರಸ ಕೊಟ್ಟು ಬೆಳೆಸಿ, ಬಾವಲಿಯಿಂದ ಇಳಿದು ಬಂದು ಬಾವಲಿಗಳು ತಂಗುವ ಗೋಡೆಗೆ ಅಂಟಿಸುತ್ತದೆ. ಆ ಮರಿಹುಳ ಅಲ್ಲೇ ಕೋಶ (ಪ್ಯೂಪಾ) ಆಗುತ್ತದೆ. ಇಷ್ಟು ಸಣ್ಣ ಜೀವಿಯ ತಾಯ್ತನ ಇಂಥದ್ದು ಎಂದು ಓದಿದಾಗಿನಿಂದ ಮನಸ್ಸು ಅದರಲ್ಲೇ ಇದೆ.

ನನಗೆ ಬೇಕಾದ ಸಹಾಯ ಇದು. ಒಂದು ನೊಣವನ್ನು ಆಲ್ಕೋಹಾಲಿನಲ್ಲಿ ಇಟ್ಟಿದ್ದೇನೆ. ಅದರ ಕುಲ (ಜೀನಸ್) ಗುರುತಿಸಲು ಹೊಟ್ಟೆಯ ಮೇಲಿನ ಬಾಚಣಿಗೆಯಂಥ ಮುಳ್ಳುಸಾಲಿನ ಫೋಟೊ ಸಾಕೇ, ಎದೆಯ ಕೆಳಭಾಗವನ್ನೂ ತೆಗೆಯಬೇಕೇ? ಮೊಬೈಲಿಗೆ ಲೆನ್ಸ್ ಸಿಕ್ಕಿಸಿ ತೆಗೆದದ್ದು ನಡೆಯುತ್ತದೆಯೇ? ಬಾವಲಿಯ ಮೈಮೇಲೆ ಇನ್ನೂ ಮೂರು ಓಡಾಡುತ್ತಿವೆ. ಅದು ತುಂಬ ಸೊರಗಿದೆ. ಅವನ್ನು ಚಿಮಟದಿಂದ ತೆಗೆಯಲೇ, ಇನ್ನಷ್ಟು ಬೆದರಿಸದೆ ಹಾಗೇ ಬಿಡಲೇ? ಬಾವಲಿಗಳನ್ನು ಆರೈಕೆ ಮಾಡಿದವರು ಈ ಕೊನೆಯ ಪ್ರಶ್ನೆಗಾದರೂ ಇವತ್ತೇ ಉತ್ತರಿಸಿ, ದಯವಿಟ್ಟು.