ಶೋಧಕ, ಸಮ, ಭಿನ್ನ: ವರ್ಗ ಸಮೀಕರಣದ ಈ ಪದಗಳ ಬಗ್ಗೆ

ಅಕ್ಕನ ಮಗಳು ಈ ಸಲ ಎಸ್‌ಎಸ್‌ಎಲ್‌ಸಿ, ಕನ್ನಡ ಮಾಧ್ಯಮ. ವಾರಕ್ಕೆರಡು ಸಂಜೆ ಅವಳ ಜೊತೆ ಗಣಿತಕ್ಕೆ ಕೂರುತ್ತೇನೆ. ಮೊನ್ನೆ ಒಂದು ಲೆಕ್ಕ: ಎಕ್ಸ್² − 6ಎಕ್ಸ್ + 8 = 0, ಮೂಲಗಳ (ಅಂದರೆ ಸಮೀಕರಣಕ್ಕೆ ಹೊಂದುವ ಎಕ್ಸ್ ಬೆಲೆಗಳ) ಸ್ವಭಾವ ತಿಳಿಸಿ. ಶೋಧಕ ಅಂದರೆ ಬಿ² − 4ಎಸಿ; ಎಕ್ಸ್²ನ ಗುಣಕ ಎ, ಎಕ್ಸ್‌ನ ಗುಣಕ ಬಿ, ಉಳಿದ ಬಿಡಿ ಸಂಖ್ಯೆ ಸಿ. ಅದನ್ನು ಸರಿಯಾಗೇ ಕಂಡುಹಿಡಿದಳು, 36 − 32 = 4. ಆಮೇಲೆ 'ಮೂಲಗಳು ವಾಸ್ತವ ಮತ್ತು ಸಮ' ಅಂತ ಬರೆದಳು. ಶೋಧಕ ಸೊನ್ನೆ ಬಂದಿಲ್ಲವಲ್ಲ, ಸಮ ಹೇಗಾಯಿತು ಅಂತ ಕೇಳಿದೆ. ಅಪವರ್ತಿಸಿಯೂ ನೋಡಿದ್ದಳಂತೆ. 2 ಮತ್ತು 4 ಬಂತು, ಎರಡೂ ಸಮಸಂಖ್ಯೆ ತಾನೆ ಮಾಮ ಅಂದಳು.

ಲೆಕ್ಕ ಪೂರ್ತಿ ಸರಿ ಇತ್ತು. ಎಡವಿದ್ದು ಪದದಲ್ಲಿ. ಆರನೇ ಕ್ಲಾಸಿಗೂ ಮೊದಲಿನಿಂದ ಸಮ ಅಂದರೆ ಎರಡರಿಂದ ಭಾಗ ಹೋಗುವ ಸಂಖ್ಯೆ, ಅದರ ಎದುರು ಬೆಸ, ಅಂತ ಕಲಿತ ಮಗುವಿಗೆ ಇಲ್ಲಿ ಮಾತ್ರ ಸಮ ಅಂದರೆ 'ಎರಡೂ ಒಂದೇ' ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಇನ್ನೊಂದು ಲೆಕ್ಕ ನೋಡಿ. ಎಕ್ಸ್² − ಕೆಎಕ್ಸ್ + 9 = 0, ಮೂಲಗಳು ಸಮ ಆದರೆ ಕೆ ಬೆಲೆ ಎಷ್ಟು? ಶೋಧಕವನ್ನು ಸೊನ್ನೆ ಮಾಡಿದರೆ ಕೆ ಬೆಲೆ 6 ಅಥವಾ −6. ಆಗ ಮೂಲ 3, 3 ಅಥವಾ −3, −3. ಎಲ್ಲವೂ ಬೆಸ! ಉತ್ತರ ಸರಿ ಬಂದರೂ ಮಗು ತಪ್ಪಾಯಿತು ಅಂತ ಹೊಡೆದುಹಾಕಬಹುದು, ಅಲ್ವಾ?

'ಭಿನ್ನ' ಇನ್ನೂ ಕಷ್ಟ. ಶೋಧಕ ಸೊನ್ನೆಗಿಂತ ಜಾಸ್ತಿ ಇದ್ದರೆ 'ವಾಸ್ತವ ಮತ್ತು ಭಿನ್ನ' ಅಂತ ಅವಳ ನೋಟ್ಸಿನಲ್ಲಿದೆ. ಭಿನ್ನ ಅಂದರೆ ಅವಳಿಗೆ ಭಿನ್ನರಾಶಿ, ಅಂದರೆ ಅರ್ಧ, ಮುಕ್ಕಾಲು. 6ಎಕ್ಸ್² − 5ಎಕ್ಸ್ + 1 = 0 ಇದರ ಮೂಲಗಳು 1/2 ಮತ್ತು 1/3, ಹಾಗಾಗಿ ಅಲ್ಲಿ ಅವಳ ತಿಳಿವಳಿಕೆಯೂ ಸರಿ ಅನ್ನಿಸಿಬಿಡುತ್ತದೆ. ಆದರೆ 4ಎಕ್ಸ್² − 12ಎಕ್ಸ್ + 9 = 0 ತಗೊಳ್ಳಿ. ಶೋಧಕ ಸೊನ್ನೆ, ಎರಡೂ ಮೂಲ 3/2. ಸಮವೂ ಹೌದು, ಭಿನ್ನರಾಶಿಯೂ ಹೌದು. ಈ ಪದಕ್ಕೆ ಎರಡು ಅರ್ಥ ಬಂದಿರುವುದು ಒಂದೇ ಬೇರಿನಿಂದ. ಭಿದ್ ಅಂದರೆ ಒಡೆ. ದೇವಸ್ಥಾನದಲ್ಲಿ ವಿಗ್ರಹ ಭಿನ್ನವಾಗಿದೆ ಅಂದರೆ ಒಡೆದಿದೆ ಅಂತ. ಒಡೆದ ಸಂಖ್ಯೆ ಭಿನ್ನರಾಶಿ. ಒಡೆದು ಬೇರೆಯಾದದ್ದು ಭಿನ್ನ, ಅಲ್ಲಿಂದಲೇ ಭಿನ್ನಾಭಿಪ್ರಾಯ.

ನಾನು ಅವಳಿಗೆ 'ಸಮನಾದ ಎರಡು ಮೂಲಗಳು', 'ಬೇರೆ ಬೇರೆ ಎರಡು ಮೂಲಗಳು' ಅಂತಲೇ ಬರೆಯಲು ಹೇಳಿದ್ದೇನೆ. ಪರೀಕ್ಷೆಯಲ್ಲಿ 'ಬೇರೆ ಬೇರೆ' ಅಂತ ಬರೆದರೆ ಅಂಕ ಕಳೆಯುತ್ತಾರೇನೋ ಅಂತ ಅವಳಿಗೆ ಭಯ. ಕಳೆಯಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಶೋಧಕದ ಬೆಲೆ ಬರೆದು, ಅದು ಸೊನ್ನೆಗಿಂತ ಜಾಸ್ತಿ ಅಂತ ತೋರಿಸಿದ ಮೇಲೆ ಇನ್ನೇನು ಬೇಕು?

ಇನ್ನು 'ಶೋಧಕ'. ಇದು ಹುಡುಕುವ ಶೋಧವೋ, ಸೋಸುವ ಶೋಧವೋ? ಲೋಹಶೋಧಕ ಅಂದಾಗ ಹುಡುಕುವುದು. ಕಷಾಯವನ್ನು ಬಟ್ಟೆಯಲ್ಲಿ ಶೋಧಿಸಿ ಅಂದಾಗ ಸೋಸುವುದು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ಯಾಕೆಂದರೆ ಬಿ² − 4ಎಸಿ ಮೂಲವನ್ನು ಹುಡುಕಿಕೊಡುವುದಿಲ್ಲ. ಅದು ಸಮೀಕರಣಗಳನ್ನು ಜರಡಿ ಹಿಡಿದ ಹಾಗೆ ಬೇರೆ ಮಾಡುತ್ತದೆ, ಎರಡು ಮೂಲ ಇರುವುದು, ಒಂದೇ ಇರುವುದು, ವಾಸ್ತವ ಮೂಲ ಇಲ್ಲದ್ದು ಅಂತ. ಇಂಗ್ಲಿಷಿನ ಡಿಸ್ಕ್ರಿಮಿನೆಂಟ್ ಪದವನ್ನು 1851ರಲ್ಲಿ ಸಿಲ್ವೆಸ್ಟರ್ ಎಂಬ ಗಣಿತಜ್ಞ ಹುಟ್ಟುಹಾಕಿದ. ಅದರ ಹಿಂದಿರುವ ಲ್ಯಾಟಿನ್ ಧಾತು ಸೆರ್ನೆರೆ, ಅದರ ಹಳೆಯ ಅರ್ಥವೂ ಜರಡಿ ಹಿಡಿಯುವುದೇ! ಇದು ತಿಳಿದ ದಿನ ತುಂಬ ಖುಷಿಯಾಯಿತು.

ಅಕ್ಕಪಕ್ಕದವರು ಬೇರೆ ದಾರಿ ಹಿಡಿದಿದ್ದಾರೆ. ಮರಾಠಿಯಲ್ಲಿ ವಿವೇಚಕ, ತೆಲುಗಿನಲ್ಲಿ ವಿಚಕ್ಷಣಿ, ಹಿಂದಿಯಲ್ಲಿ ವಿವಿಕ್ತಕರ. ತಮಿಳಿನವರದ್ದು ತನ್ಮೈಕಾಟ್ಟಿ, ಅಂದರೆ ಗುಣ ತೋರಿಸುವುದು. ಮಕ್ಕಳಿಗೆ ಕೇಳಿದ ಕೂಡಲೇ ಅರ್ಥವಾಗುವುದು ಆ ತಮಿಳು ಪದ ಅನ್ನಿಸುತ್ತದೆ. ಆದರೂ ನಮ್ಮ ಶೋಧಕವನ್ನು ಬಿಡಲು ನನಗೆ ಮನಸ್ಸಿಲ್ಲ.

ಕೇಳಬೇಕಾದದ್ದು ಎರಡು. ಕನ್ನಡದ ಹಳೆಯ ಗಣಿತ ಪುಸ್ತಕ ಇಟ್ಟುಕೊಂಡವರು ಇದ್ದರೆ, ಅದರಲ್ಲಿ ಬಿ² − 4ಎಸಿಗೆ ಶೋಧಕ ಬಿಟ್ಟು ಬೇರೆ ಪದ ಇದೆಯಾ? ಹಾಗೆಯೇ ಗಣಿತ ಕಲಿಸುವವರು ಇದ್ದರೆ, 'ಸಮ', 'ಭಿನ್ನ' ಎಂಬಲ್ಲಿ ನಿಮ್ಮ ಮಕ್ಕಳೂ ಹೀಗೆ ಎಡವಿದ್ದಾರಾ, ನೀವು ಯಾವ ಪದ ಬಳಸುತ್ತೀರಿ?