ಹಕ್ಕಿ ಫೋಟೋಗೆ ಸೆಕೆಂಡ್ ಹ್ಯಾಂಡ್ ಪ್ರೊ ಕ್ಯಾಮೆರಾನಾ, ಹೊಸ ಸಾಧಾರಣ ಮಾಡೆಲ್ಲಾ?

ಪ್ರಶ್ನೆ: ಹಾರುವ ಹಕ್ಕಿಗಳನ್ನೇ ಜಾಸ್ತಿ ತೆಗೆಯುವ ಆಸೆ. ಬಳಸಿದ ನಿಕಾನ್ ಡಿ500 ಒಂದು ಸಿಗುತ್ತಿದೆ, ಇಲ್ಲವೇ ಹೊಸ ಕ್ಯಾನನ್ ಆರ್10. ಲೆನ್ಸ್ ಇನ್ನೂ ಕೊಂಡಿಲ್ಲ. ಯಾವುದು ತಗೊಳ್ಳಲಿ?

ಉತ್ತರ 1: ಡಿ500 ಬಂದದ್ದು 2016ರಲ್ಲಿ ನಿಜ, ಆದರೆ ಸೆಕೆಂಡಿಗೆ 10 ಫ್ರೇಮ್, 153 ಫೋಕಸ್ ಪಾಯಿಂಟ್, ಗಟ್ಟಿಮುಟ್ಟಾದ ಬಾಡಿ. ಶಟರ್ ಕೌಂಟ್ (ಈವರೆಗೆ ಎಷ್ಟು ಕ್ಲಿಕ್ ಆಗಿದೆ ಅನ್ನುವ ಲೆಕ್ಕ) ಕೇಳಿ, ಅದರ ಶಟರನ್ನು 2 ಲಕ್ಷ ಕ್ಲಿಕ್‌ವರೆಗೆ ಪರೀಕ್ಷಿಸಿದ್ದಾರೆ. ಬಿಳಿ ಗೋಡೆಯನ್ನು ಎಫ್16ರಲ್ಲಿ (ಲೆನ್ಸಿನ ಕಿಂಡಿ ಚಿಕ್ಕದು ಮಾಡಿ) ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ.

ಉತ್ತರ 2: ನನ್ನ ವೋಟು ಆರ್10ಗೆ. ಹಕ್ಕಿಯ ಕಣ್ಣನ್ನು ಅದೇ ಹುಡುಕಿ ಹಿಡಿಯುತ್ತದೆ, ಡಿ500ರಲ್ಲಾದರೆ ಫೋಕಸ್ ಪಾಯಿಂಟನ್ನು ಹಕ್ಕಿಯ ಮೇಲೆ ನೀವೇ ಇಟ್ಟುಕೊಂಡು ಹೋಗಬೇಕು, ಅದಕ್ಕೆ ಕೈ ಪಳಗಬೇಕು. ಎಲೆಕ್ಟ್ರಾನಿಕ್ ಶಟರ್ ಮಾತ್ರ ಬೇಡ, ಅದು ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವುದರಿಂದ ಬಡಿಯುವ ರೆಕ್ಕೆ ಸೊಟ್ಟಗೆ ಬರುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಫ್ರೇಮ್ ಇದೆ, ಸಾಕಲ್ವಾ?

ಉತ್ತರ 3: ಮೊದಲು ಲೆನ್ಸ್ ಯೋಚಿಸಿ, ದುಡ್ಡಿನ ದೊಡ್ಡ ಪಾಲು ಅದಕ್ಕೇ ಇಡಿ. ಲೆನ್ಸಿನ ಫೋಕಲ್ ಲೆಂತ್ (ಜಾಸ್ತಿಯಾದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಬರುತ್ತದೆ) 400 ಎಂಎಂ ಕೂಡ ಇಲ್ಲದಿದ್ದರೆ ಸುಮ್ನೆ ಫೋಟೋ ಕ್ರಾಪ್ ಮಾಡ್ತಾ ಕೂರಬೇಕು. ನಿಕಾನ್ 200-500 ಎಂಎಂ ಲೆನ್ಸ್ ಬಳಸಿದ್ದು ಚೆನ್ನಾಗಿರುವುದು ಸಿಕ್ಕರೆ ನಾನಂತೂ ಡಿ500 ಅಂತಲೇ ಹೇಳುತ್ತೇನೆ. ಆ ಲೆನ್ಸೇ 2.3 ಕೆಜಿ, ಹೊತ್ತು ನಡೆಯಲು ಆಗಲ್ಲ ಅಂದರೆ ಆರ್10ಗೆ ಕ್ಯಾನನ್‌ನ ಆರ್‌ಎಫ್ 100-400 ಲೆನ್ಸ್ ಹಾಕಿ.